ಲೆಕ್ಕ ಮೀರಿ ಉಳಿದ ಗಾಳಿ

ಸೊಸೆಯ ಕೈ ಆಕ್ಸಿಜನ್ ಸಿಲಿಂಡರಿನ ವಾಲ್ವ್ ಮೇಲಿತ್ತು. ಮಧ್ಯಾಹ್ನದ ನಿದ್ದೆಯಿಂದ ಎದ್ದ ನೀಲಾವತಿಗೆ ಮೊದಲು ಕಂಡದ್ದೇ ಅದು.

"ಏನು ಮಾಡ್ತಿದ್ದೀಯೇ ಅಮಿತಾ?"

ಅಮಿತಾ ಬೆಚ್ಚಿ ತಿರುಗಿದಳು. "ಬಂದ್ ಆಗಿತ್ತು ಅತ್ತೆ, ತೆರೀತಾ ಇದ್ದೆ. ನಿನ್ನೆ ಚಹಾ ತಂದಾಗಲೂ ಹೀಗೇ ಬಂದ್ ಆಗಿತ್ತು."

ಬಂದ್ ಆಗಿತ್ತಂತೆ! ತನ್ನಷ್ಟಕ್ಕೆ ತಾನೇ ನಿಂತುಹೋಗೋಕೆ ಅದೇನು ದಿಲ್ಲಿಯ ನಲ್ಲಿ ನೀರೇ? ಮಂಚದ ಮೇಲೆ ಕಾಂತಪ್ಪನ ತುಟಿ ನೇರಳೆಗೆ ತಿರುಗಿತ್ತು. ನೀಲಾವತಿ ಸೊಸೆಯನ್ನು ಪಕ್ಕಕ್ಕೆ ತಳ್ಳಿ ಗಂಡನ ಎದೆ ನೀವತೊಡಗಿದಳು.

ಕುಂದಾಪುರದ ಕಡೆಯಿಂದ ಬಂದು ಕರೋಲ್ ಬಾಗ್‌ನಲ್ಲಿ ಹೋಟೆಲು ಇಟ್ಟ ಮನುಷ್ಯ ಈ ಕಾಂತಪ್ಪ. ಗ್ಯಾಸು ಬರುವ ಮೊದಲು ವರ್ಷಗಟ್ಟಲೆ ಕಲ್ಲಿದ್ದಲ ಭಟ್ಟಿಯ ಹೊಗೆ ಕುಡಿದವನು. ಆ ಹೊಗೆ ಈಗ ಬಡ್ಡಿ ಸಮೇತ ವಸೂಲಿಗೆ ಕೂತಿತ್ತು. ಹೋಟೆಲು ಬೇರೆಯವರ ಪಾಲಾಗಿ, ಗಂಡ ಹೆಂಡತಿ ರೋಹಿಣಿಯಲ್ಲಿ ಮಗ ಅನೀಶನ ಫ್ಲಾಟ್ ಸೇರಿದ್ದರು. ಮೂಗಿಗೆ ನಳಿಕೆ, ತಲೆದೆಸೆಯಲ್ಲಿ ಆಳೆತ್ತರದ ಸಿಲಿಂಡರ್, ನಡುವೆ ಸದಾ ಗುಳುಗುಳು ಎನ್ನುವ ನೀರಿನ ಬಾಟಲಿ. ಹಗಲು ರಾತ್ರಿ ನಿಮಿಷಕ್ಕೆ ಎರಡು ಲೀಟರ್ ಹೋಗುತ್ತಲೇ ಇರಬೇಕು, ಆಗಾಗ ತಪ್ಪಿದರೆ ಹೃದಯ ನಿಂತೇಬಿಡುತ್ತೆ ಎಂದು ಡಾಕ್ಟರು ಹೇಳಿದ್ದರು.

ಮಾನೇಸರಿನ ಕಾರಿನ ಕಾರ್ಖಾನೆಯಿಂದ ಬಂದ ಅನೀಶ್, ಅಮ್ಮ ಹೇಳಿದ್ದನ್ನೆಲ್ಲ ಕೇಳಿ ಮೊಬೈಲಿನಲ್ಲೇ ಲೆಕ್ಕ ಹಾಕಿದ. ಸಿಲಿಂಡರಿನಲ್ಲಿ ಏಳು ಸಾವಿರ ಲೀಟರ್. ನಿಮಿಷಕ್ಕೆ ಎರಡರಂತೆ ಎರಡೂವರೆ ದಿನವೂ ಪೂರ್ತಿ ಬರುವುದಿಲ್ಲ. ಸೋಮವಾರ ಬೆಳಿಗ್ಗೆ ಹಾಕಿದ್ದು, ಬುಧವಾರ ಸಂಜೆಗೆ ಖಾಲಿಯಾಗಬೇಕು. ಬುಧವಾರ ರಾತ್ರಿ ಊಟ ಮುಗಿಸಿ ಕೈ ತೊಳೆದರೂ ಸಿಲಿಂಡರಿನ ಮೀಟರಿನ ಮುಳ್ಳು ಸೊನ್ನೆ ಮುಟ್ಟಿರಲಿಲ್ಲ.

"ಮುಗಿಯೋ ಗಾಳಿ ಮುಗಿದಿಲ್ಲ ಅಂದ್ರೆ ಅಪ್ಪನಿಗೆ ಅಷ್ಟು ಹೋಗಿಲ್ಲ," ಎಂದ. "ದಿನಾ ಯಾರೋ ಬಂದ್ ಮಾಡ್ತಿದ್ದಾರೆ ಅಮ್ಮ."

ಯಾರೋ! ರಾತ್ರಿ ಅಪ್ಪನ ಪಕ್ಕ ಮಲಗುವವನು ಅವನೇ. ಹಗಲು ಮನೆಯಲ್ಲಿರುವುದು ಅತ್ತೆ, ಸೊಸೆ ಇಬ್ಬರೇ. ಕಾಂತಪ್ಪನಿಗೆ ಮಗ್ಗುಲು ಬದಲಿಸಲೂ ಆಸರೆ ಬೇಕು. ಇನ್ನು ಉಳಿದವರು ಯಾರು? ಕಟ್ಟಿಕೊಂಡವನ ಪ್ರಾಣ ಹೋಗುತ್ತಿದೆ, ಇವನು ಯಾರೋ ಅಂತಾನೆ.

ಮೊದಲಿಂದಲೂ ಸೊಸೆಯ ರೀತಿ ಅವಳಿಗೆ ಹಿಡಿಸಿರಲಿಲ್ಲ. ಹಾಲು ಮುಚ್ಚುವುದಿಲ್ಲ. ಊಟವಾದ ಮೇಲೆ ಅಡುಗೆಮನೆಯ ಗ್ಯಾಸು ಹಾಗೇ ಬಿಟ್ಟು ಟಿವಿ ಮುಂದೆ ಕೂರುತ್ತಾಳೆ. ಹೋಟೆಲಿನಲ್ಲಾಗಿದ್ದರೆ, ಮಧ್ಯಾಹ್ನದ ಊಟದ ಗಿರಾಕಿಗಳು ಎದ್ದ ಮೇಲೆ ಸಿಲಿಂಡರ್ ಬಂದ್ ಮಾಡದೆ ಯಾರೂ ಚಾಪೆ ಹಾಸುತ್ತಿರಲಿಲ್ಲ. ಇಲ್ಲಿ ಅದಕ್ಕೂ ಈ ಮುದುಕಿಯೇ ಹೋಗಬೇಕು. ಮಾವನ ಕಫದ ಬಟ್ಟಲು ತೊಳೆಯುವಾಗ ಅವಳ ಮುಖ ನೋಡಬೇಕಿತ್ತು. ಬೇಸತ್ತಿದ್ದಾಳೆ, ಅಷ್ಟೆ. ಮುದುಕ ಹೋದರೆ ಸಾಕಾಗಿದೆ.

ಮಾರನೆಯ ಬೆಳಿಗ್ಗೆ ನೀಲಾವತಿ ಗಂಡನ ಕಿವಿಯ ಬಳಿ ಬಾಗಿದಳು. "ನೀವಾದ್ರೂ ಹೇಳಿ. ಬಂದ್ ಮಾಡೋದು ಯಾರು? ಕಣ್ಣಾರೆ ನೋಡಿರ್ತೀರಿ."

ಕಾಂತಪ್ಪ ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಅವನ ಕಣ್ಣಂಚಿನಲ್ಲಿ ನೀರಿತ್ತು.

"ಯಾರನ್ನೂ ಬೈಬೇಡ ನೀಲಾ," ಎಂದ, ಏದುಸಿರು ಬಿಡುತ್ತ. "ಮಾಡಿದವರಿಗೂ... ಸಾಕಾಗಿರುತ್ತೆ."

ಎಂಥ ದೇವರಂಥ ಮನುಷ್ಯ! ಕೊಲ್ಲುವವಳನ್ನೂ ಕಾಯುತ್ತಾನಲ್ಲ! ನೀಲಾವತಿ ಸೆರಗಿನಿಂದ ಅವನ ಕಣ್ಣೊರೆಸಿ ನೆಟ್ಟಗೆ ನಡುಮನೆಗೆ ಬಂದಳು. ಈ ಮನೆಯಲ್ಲಿ ಒಂದೋ ಅವಳಿರಬೇಕು, ಇಲ್ಲ ನಾವಿರಬೇಕು ಎಂದು ಮಗನ ಮುಂದೆ ಕಡ್ಡಿ ಮುರಿದ ಹಾಗೆ ಹೇಳಿದಳು.

"ನೀವೂ ನಂಬ್ತೀರಾ?" ಎಂದು ಅಮಿತಾ ಗಂಡನನ್ನು ಕೇಳಿದಳು.

ಅನೀಶ್ ಅವಳ ಮುಖ ನೋಡಲಿಲ್ಲ. "ಲೆಕ್ಕ ಹಾಗೆ ಹೇಳ್ತಿದೆ. ಚಲೋ, ಸ್ವಲ್ಪ ದಿನ ದ್ವಾರಕಾದಲ್ಲಿ ಇದ್ದು ಬಾ."

ದ್ವಾರಕಾ ಅವಳ ತವರು. ಅಮಿತಾ ಅಳಲಿಲ್ಲ, ಚೀಲ ತುಂಬಿಕೊಂಡಳು. ಮಾವನ ಕೋಣೆಗೆ ಹೋಗಿ ಕಾಲು ಮುಟ್ಟಿದಳು. ಕಾಂತಪ್ಪ ಕೈ ಎತ್ತಿ ಏನೋ ಹೇಳಹೋದ, ಕೆಮ್ಮು ಬಂತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಅವಳು ತಿರುಗಿದಳು. "ಅತ್ತೆ, ಮಧ್ಯಾಹ್ನ ಮಲಗಬೇಡಿ. ಮಾವನನ್ನ ನೋಡ್ಕೊಳ್ಳಿ."

ನನ್ನ ಗಂಡನನ್ನು ನೋಡಿಕೊಳ್ಳುವುದನ್ನು ಇವಳು ಹೇಳಿಕೊಡಬೇಕೇ! ನೀಲಾವತಿ ಬಾಗಿಲು ದಡಾರನೆ ಹಾಕಿದಳು. ಅನೀಶ್ ಹೊಸ ಸಿಲಿಂಡರ್ ಇಳಿಸಿಕೊಂಡು, ವಾಲ್ವ್ ತೆರೆದು, ಮುಳ್ಳನ್ನು ಎರಡೆರಡು ಸಲ ನೋಡಿ ಕೆಲಸಕ್ಕೆ ಹೋದ.

ಎಷ್ಟೋ ದಿನಗಳ ಮೇಲೆ ಮನೆ ತಣ್ಣಗಿತ್ತು. ಇನ್ನು ಹೆದರಿಕೆಯಿಲ್ಲ. ನೀಲಾವತಿ ಗಂಡನಿಗೆ ಗಂಜಿ ಕುಡಿಸಿ, ಬಾಯೊರೆಸಿ, ತಾನೂ ಎರಡು ತುತ್ತು ತಿಂದಳು. ಕಣ್ಣು ಎಳೆಯತೊಡಗಿತು. ಮುಂಬಾಗಿಲಿಗೆ ಚಿಲಕ ಹಾಕಿದಳು. ಹಾಲು ಮುಚ್ಚಿದಳು. ಅಡುಗೆಮನೆಯ ಗ್ಯಾಸು ಬಂದ್ ಮಾಡಿದಳು. ಕೋಣೆಗೆ ಬಂದು ಪರದೆ ಎಳೆದಳು, ಗಂಡನ ಹೊದಿಕೆ ಸರಿಮಾಡಿದಳು, ಆಕಳಿಸುತ್ತ, ಹೋಟೆಲಿನ ಕಾಲದ ರೂಢಿಯಂತೆ, ತಲೆದೆಸೆಯ ಸಿಲಿಂಡರಿನತ್ತ ಒಮ್ಮೆ ಕೈಯಾಡಿಸಿದಳು. ಚಾಪೆ ಬಿಡಿಸಿ ಒರಗಿದಳು. ಗುಳುಗುಳು ನಿಂತಿತ್ತು. ಮಧ್ಯಾಹ್ನದ ಹೊತ್ತು ಮಾತ್ರ ಅವಳಿಗೆ ಈ ಸೊಂಪಾದ ನಿದ್ದೆ.

"ನೀಲಾ," ಕಾಂತಪ್ಪ ಮಂಚದಿಂದ ಮೆಲ್ಲಗೆ ಕರೆದ. "ನೀನು ದಿನಾ ಬಂದ್ ಮಾಡೋದನ್ನ ನಾನು ಯಾರಿಗೂ ಹೇಳಿಲ್ಲ, ನನ್ನ ಚಾಕರಿ ನಿನಗೂ ಸಾಕಾಗಿದೆ ಅಂತ ಸುಮ್ಮನಿದ್ದೆ... ಆದರೆ ಆ ಹುಡುಗಿಯನ್ನ ಯಾಕೆ ಓಡಿಸಿದೆ?"