ತಾಳಿ ಬಿಚ್ಚುವ ಕೋಣೆ

ಸಾಕಮ್ಮನ ಸೊಂಟದ ನೋವಿಗೆ ವರ್ಷ ಎರಡಾಗಿತ್ತು. ಗಂಡ ಮಚ್ಚಿನ ಮೊಂಡ ಬದಿಯಿಂದ ಬಾರಿಸುತ್ತಿದ್ದದ್ದು ಅಲ್ಲಿಗೇ. ಅವಳು ಎದ್ದು ಒಲೆ ಹಚ್ಚಲಾರದೆ ಹೋದ ಮೇಲಷ್ಟೇ ಆಸ್ಪತ್ರೆಗೆ ಕರೆತಂದ. ಮಚ್ಚು ಇವತ್ತೂ ಅಂಗಿಯೊಳಗೆ ಅವನ ಬೆನ್ನಿಗಂಟಿಕೊಂಡೇ ಇತ್ತು.

“ಎಕ್ಸ್‌ರೇಲಿ ಮೂಳೆ ಅಷ್ಟೇ ಕಾಣೋದು. ನರ ಒತ್ತಿಕೊಂಡಿದೆಯಾ ಅಂತ ಎಂಆರ್‌ಐನೇ ಹೇಳಬೇಕು” ಅಂದಿದ್ದರು ಡಾಕ್ಟರು.

ಗಂಡ ಬೀಡಿ ಸೇದಲು ಹೋಗಿದ್ದಾಗ ಸ್ಕ್ಯಾನಿಂಗ್ ಹುಡುಗಿ ಅವಳನ್ನು ಕೋಣೆಯ ಬಾಗಿಲಲ್ಲಿ ನಿಲ್ಲಿಸಿದಳು.

“ತಾಳಿ, ಕಾಲುಂಗುರ ಎಲ್ಲ ತೆಗೀರಮ್ಮ. ಒಳಗಿರೋ ಮಿಷನ್ನು ದೊಡ್ಡ ಅಯಸ್ಕಾಂತ, ಯಾವಾಗಲೂ ಆನ್ ಇರುತ್ತೆ. ಕಬ್ಬಿಣಾನ ಬಾಣದ ಹಾಗೆ ಎಳ್ಕೊಳ್ಳುತ್ತೆ. ಹೋದ ತಿಂಗಳು ಒಂದು ಸ್ಟೂಲು ಹಾರಿ ಆಯಾನ ಪಕ್ಕೆಲುಬು ಮುರೀತು.”

ಸಾಕಮ್ಮ ಕತ್ತಿಗೆ ಕೈ ಹಾಕುವುದಕ್ಕೂ ಗಂಡ ಬರುವುದಕ್ಕೂ ಸರಿಹೋಯಿತು.

“ನಾನಿನ್ನೂ ಸತ್ತಿಲ್ಲ ಕಣೇ!” ಎಂದವನೇ ಕೆನ್ನೆಗೆ ಬಿಟ್ಟ. ಅವಳ ಬಾಯಲ್ಲಿ ರಕ್ತ ಬಂತು. ಅಡ್ಡ ಬಂದ ಹುಡುಗಿಯನ್ನು ಗೋಡೆಗೆ ನೂಕಿ, ಬೆನ್ನಿಂದ ಮಚ್ಚು ಎಳೆದ. ಹುಡುಗಿ ಕಿರುಚುತ್ತಾ ಸೆಕ್ಯೂರಿಟಿಯವನನ್ನು ಕರೆಯಲು ಓಡಿದಳು.

ಸಾಕಮ್ಮ ಆ ಭಾರದ ಬಾಗಿಲನ್ನು ಪೂರ್ತಿ ತೆರೆದು ಒಳಗೆ ಹೋದಳು. ಬಾಗಿಲಿಗೂ ಮಿಷನ್ನಿಗೂ ನಡುವಿನ ದಾರಿ ಬಿಟ್ಟು, ಮೂಲೆಯ ಗೋಡೆಗೆ ಒತ್ತಿಕೊಂಡು ನಿಂತಳು. ತಾಳಿಯ ಗಂಟಿಗೆ ಕೈ ಹಾಕಿದಳು.

“ಬಿಚ್ತಾ ಇದೀನಿ ರೀ. ಗಂಡಸಾದ್ರೆ ಒಳಗೆ ಬಂದು ತಡೀರಿ.”