ಇಳಿಸಿದ ಎತ್ತರ

ತೂತಿನೊಳಗೆ ಸ್ಕ್ರೂ ಥ್ರೆಡ್ ಕೊರೆಯುವ ಟ್ಯಾಪು, ಕಬ್ಬಿಣದ ಪ್ಲೇಟನ್ನು ಬಿಗಿಹಿಡಿದಿದ್ದ ಕ್ಲಾಂಪಿಗೆ ಬಡಿದು ಎರಡು ತುಂಡಾಗಿತ್ತು. "ತಪ್ಪು ನಂದೇ ಸಾರ್. ಕಣ್ಣು ಮಂಜಾಗಿದೆ, ಕ್ಲಾಂಪನ್ನ ಎತ್ತರಕ್ಕೆ ಕೂರಿಸಿಬಿಟ್ಟಿದೀನಿ," ಎಂದ, ಮೆಷಿನ್ ನಡೆಸುವವಳ ಸೋದರಮಾವ.

"ಹಾಗಾದ್ರೆ ನಾಳೆಯಿಂದ ಮನೇಲಿರಿ," ಎಂದು ವರ್ಕ್‌ಶಾಪಿನ ಮಾಲೀಕ ಹೊರಟುಹೋದ. "ಆ ಕ್ಲಾಂಪನ್ನ ತಗ್ಗಿಸಿಕೊಟ್ಟೇ ಹೋಗ್ತೀನಮ್ಮ," ಎಂದು ಅಕ್ಕನ ಮಗಳಿಗೆ ಹೇಳುತ್ತ ಮಾವ ಸ್ಪ್ಯಾನರ್ ತರಲು ನಡೆದ.

ಸಾಲುಸಾಲು ತೂತುಗಳನ್ನು ಬೇಗ ಮುಗಿಸಲೆಂದು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಟ್ಯಾಪು ಮೇಲೇಳುವ ಎತ್ತರವನ್ನು ಬೆಳಿಗ್ಗೆ ಇಳಿಸಿದವಳು ಅವಳೇ. ಮಾವ ಬರುವಷ್ಟರಲ್ಲಿ ಇಳಿಸುವ ಮೊದಲಿದ್ದ ಎತ್ತರದ ಅಂಕಿಯನ್ನೇ ಮತ್ತೆ ಒತ್ತಿ, ಹೊಸ ಟ್ಯಾಪು ಹಾಕಿ, ಅವಸರದಲ್ಲಿ ಮೆಷಿನ್ ಚಾಲೂ ಮಾಡಿಬಿಟ್ಟಳು.

ಟ್ಯಾಪು ಕ್ಲಾಂಪಿನ ತಲೆಯ ಮೇಲಿಂದ ಸಲೀಸಾಗಿ ದಾಟಿತು. ಸ್ಪ್ಯಾನರ್ ಹಿಡಿದು ಬಂದ ಮಾವ ಮೆಷಿನ್ನಿನ ಬಾಗಿಲ ಗಾಜಿಗೆ ಮುಖವಿಟ್ಟು ನೋಡಿದ. ಆಮೇಲೆ ಅವಳ ಕಡೆ ತಿರುಗಿದ.

"ಕ್ಲಾಂಪನ್ನ ನಾನಿನ್ನೂ ಮುಟ್ಟೇ ಇಲ್ವಲ್ಲಮ್ಮಾ?"