ಮಡಿಸಿ ಹಾಸಿದ ಕಂಬಳಿ

ಕೋರ್ಟಿನ ಅಮೀನರು ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಇಪ್ಪತ್ತು ವರ್ಷ ಕಂಬಳಿ ಮಾರಿದ ಬಾಡಿಗೆ ಅಂಗಡಿಯನ್ನು ಕಾಮಣ್ಣ ಗುಡಿಸಿ, ಕೊನೆಗುಳಿದ ಕರಿಕಂಬಳಿಯನ್ನು ಗದ್ದುಗೆಯಂತೆ ಮಡಿಸಿ ಹಾಸಿದ.

"ಮಾಲೀಕರು ಮೊದ್ಲು ಕುಂದ್ರಬೇಕ್ರಿ. ನಿಮ್ಮ ಮಗನ ಎಸ್‌ಟಿಡಿ ಬೂತು ಚೆನ್ನಾಗಿ ನಡೀಲಿ. ಮೊದಲ್ನೇ ಫೋನು ನಾನೇ ಮಾಡ್ತೀನಿ!"

ಮಾಲೀಕ ಬೊಮ್ಮಲಿಂಗಪ್ಪ ಕಂಬಳಿಯ ತನಕ ಬಂದು ನಿಂತುಬಿಟ್ಟ. ಮಗ ಬೂತು ಇಡುತ್ತಾನೆಂದು ಚಳ್ಳಕೆರೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ಅವನು ಅಂಗಡಿ ಬಿಡಿಸುವ ದಾವೆ ಗೆದ್ದಿದ್ದ. ಆದರೆ ಅಂಗಡಿ ಕೊಡುವುದಾಗಿ ಮಾತಾಗಿದ್ದು ಬೇಕರಿಯವನೊಬ್ಬನ ಜೊತೆ. ಕಾಮಣ್ಣನದೂ ಅವನದೂ ಒಂದೇ ಕುಲ; ಆ ಕುಲದಲ್ಲಿ ದೇವರನ್ನು ಕೂರಿಸುವುದು ಕಂಬಳಿಯ ಮೇಲೆಯೇ. ಅದರ ಮೇಲೆ ಕೂತು ಯಾರೂ ಸುಳ್ಳಾಡುವುದಿಲ್ಲ.

"ಯಾಕ್ರಿ, ಮಂಡಿನೋವಾ? ಹಿಡ್ಕಳ್ರಿ," ಎಂದು ಕಾಮಣ್ಣ ಕೈ ಚಾಚಿದ.

ಬೊಮ್ಮಲಿಂಗಪ್ಪ ಕೂರಲಿಲ್ಲ. ಅಮೀನರ ಕಡೆ ತಿರುಗಿ, "ಬೀಗ ಹಾಕಬ್ಯಾಡ್ರಿ ಸ್ವಾಮಿ, ನಾನು ಕೋರ್ಟಿಗೆ ಸುಳ್ಳು ಹೇಳೀನಿ," ಎಂದ.